ಇಕ್ಕೇರಿ ವರಹದ ಹಾದಿ

ಪುರಾತನ ನಾಣ್ಯಗಳ ಹರಾಜು ನಡೆಯುವುದಕ್ಕೆ ಕೆಲವು ದಿನ ಮುಂಚೆ ಸಂಗ್ರಾಹಕರ ಕೈಸೇರುವ ಪಟ್ಟಿಗಳಲ್ಲಿ, ಕರ್ನಾಟಕದ ಹೊನ್ನಿನ ನಾಣ್ಯಗಳ ವಿಭಾಗವನ್ನು ತೆರೆದು ನೋಡಿದರೆ, ಕೆಳದಿಯ ನಾಯಕರ ಇಕ್ಕೇರಿ ವರಹವು ಬಹುಮಟ್ಟಿಗೆ ಕೊನೆಯ ಸಾಲುಗಳಲ್ಲಿ, ಸುಲಭವಾಗಿ ಸಿಕ್ಕುವ ನಾಣ್ಯವೆಂಬ ವಿವರಣೆಯೊಡನೆ, ತನ್ನ ತೂಕದ ಚಿನ್ನಕ್ಕಿಂತ ಬಹಳವೇನೂ ಹೆಚ್ಚಲ್ಲದ ಆರಂಭದ ಬೆಲೆಯನ್ನು ಹೊತ್ತು ಕುಳಿತಿರುವುದು ಕಾಣುತ್ತದೆ. ಅದೇ ಪುಟದಲ್ಲಿ ಹೊಯ್ಸಳ ವಿಷ್ಣುವರ್ಧನನ 'ಶ್ರೀ ತಲಕಾಡುಗೊಂಡ' ಎಂಬ ಕನ್ನಡ ಬಿರುದುಳ್ಳ ಗದ್ಯಾಣವಿದ್ದರೆ, ಅಥವಾ ನಾಲ್ಕು ವರಹದ ತೂಕದ ಟೀಪುವಿನ ಅಹಮದಿ ಇದ್ದರೆ, ಸಭೆಯ ಉತ್ಸಾಹವೆಲ್ಲ ಅತ್ತ ಹರಿಯುತ್ತದೆ. ಸವಾಲಿನ ಮೇಲೆ ಸವಾಲು ಏರುತ್ತದೆ. ಇಕ್ಕೇರಿಯ ವರಹದ ಸರದಿ ಬಂದಾಗ ಜನ ಕಾಫಿಗೆ ಎದ್ದುಹೋಗುತ್ತಾರೆ. ಈ ತಾರತಮ್ಯ ನನಗೆ ಎಂದೂ ಸರಿಕಂಡಿಲ್ಲ. ಆ ನಾಣ್ಯವು ಯಾವ ನೆಲದಲ್ಲಿ ಕೈಯಿಂದ ಕೈಗೆ ಸಂಚರಿಸಿ ಸವೆಯಿತೋ ಆ ನೆಲವನ್ನು ನಿಧಾನವಾಗಿ ನೋಡಿಬರಬೇಕೆಂಬ ಅಭಿಲಾಷೆ ಬಹುಕಾಲದಿಂದ ಇದ್ದುದರಿಂದ, ಮಳೆಗಾಲ ಕಳೆದು ಅಡಿಕೆಯ ಕೊಯ್ಲು ಮೊದಲಾಗುವ ಹೊತ್ತಿಗೆ, ಶಿವಮೊಗ್ಗದಿಂದ ನರಸಿಂಹರಾಜಪುರದ ಬಸ್ಸನ್ನು ಹಿಡಿದೆ.

ನಾಣ್ಯವನ್ನು ಕಾಣದವರಿಗಾಗಿ ಅದರ ಸ್ವರೂಪವನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಅದರ ತೂಕ ಸುಮಾರು 3.4 ಗ್ರಾಂ, ಅಗಲ ಹೆಬ್ಬೆರಳಿನ ಉಗುರಿಗಿಂತ ಕಿರಿದು, ಆದರೆ ದಪ್ಪವುಂಟಾದ್ದರಿಂದ ಅಂಗೈಯಲ್ಲಿಟ್ಟರೆ ಆಕಾರಕ್ಕೆ ಮೀರಿದ ಭಾರ ತೋರುತ್ತದೆ. ಮುಮ್ಮುಖದಲ್ಲಿ ಶಿವನೂ ಪಾರ್ವತಿಯೂ ಒತ್ತಿಗೆ ಕುಳಿತಿದ್ದಾರೆ. ಶಿವನ ಕೈಯ ತ್ರಿಶೂಲ ಒಂದು ಗೆರೆಯಾಗಿ ಮೇಲೆದ್ದಿದೆ. ಹಿಮ್ಮುಖದಲ್ಲಿ ನಾಗರಲಿಪಿಯಲ್ಲಿ 'ಶ್ರೀ ಸದಾಶಿವ' ಎಂದು ಬರೆದಿದೆ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಆದಕಾರಣ ಒಂದೊಂದು ನಾಣ್ಯದಲ್ಲಿ ಒಂದೊಂದು ಭಾಗ ಅಂಚಿನಾಚೆಗೆ ಜಾರಿಹೋಗಿ, ಒಂದರಲ್ಲಿ ದೇವಿಯ ಮುಡಿ ಉಳಿದರೆ ಇನ್ನೊಂದರಲ್ಲಿ ದೇವನ ಪಾದ ಉಳಿಯುತ್ತದೆ. ನಾಲ್ಕಾರು ವರಹಗಳನ್ನು ಒಟ್ಟಿಗೆ ಸಾಲಾಗಿ ಇಟ್ಟುಕೊಂಡು ನೋಡಿದವನಿಗೆ ಮಾತ್ರ ಆ ಅಚ್ಚನ್ನು ಕೊರೆದ ಅಕ್ಕಸಾಲಿಗನ ಪೂರ್ಣ ಕಲ್ಪನೆ ದರ್ಶನವಾಗುತ್ತದೆ. ಬಿಡಿ ನಾಣ್ಯವನ್ನು ಕೊಳ್ಳುವ ಹರಾಜಿನ ಪದ್ಧತಿಗೆ ಈ ಬಗೆಯ ನೋಟ ಒದಗುವುದು ಕಷ್ಟ.

ನರಸಿಂಹರಾಜಪುರಕ್ಕೆ ಹಿಂದಿನ ಹೆಸರು ಎಡೇಹಳ್ಳಿ. 1915ರಲ್ಲಿ, ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಗೌರವಾರ್ಥವಾಗಿ, ಅದಕ್ಕೆ ಈಗಿನ ಹೆಸರು ಬಂದಿತು. ಒಂದು ಕಾಲದಲ್ಲಿ ತರೀಕೆರೆಯಿಂದ ಇಲ್ಲಿಯವರೆಗೆ ಕಾಡಿನ ನಡುವೆ ಟ್ರಾಮ್ ಗಾಡಿಯ ಕಿರುಹಳಿ ಬರುತ್ತಿತ್ತು. ಈಗ ಅದರ ಗುರುತು ಹಿರಿಯರ ಮಾತಿನಲ್ಲಿ ಮಾತ್ರ ಉಳಿದಿದೆ. ಲಕ್ಕವಳ್ಳಿಯ ಬಳಿ ಭದ್ರೆಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಈ ಸೀಮೆಯ ಅನೇಕ ಗ್ರಾಮಗಳನ್ನೂ ಗದ್ದೆಗಳನ್ನೂ ನುಂಗಿತು. ಊರು ಬಿಟ್ಟು ಎದ್ದ ಕುಟುಂಬಗಳು ದೇವರ ಪೆಟ್ಟಿಗೆಯನ್ನೂ ಬಾಗಿಲುವಾಡವನ್ನೂ ಹೊತ್ತುಕೊಂಡು ಹೊಸ ನೆಲೆಗೆ ಹೋದುವು. ದೇವರ ಪೆಟ್ಟಿಗೆಯೊಳಗಿನ ನಾಣ್ಯಗಳು ಹೀಗೆ ತಾವಿದ್ದ ನೆಲದ ಹೆಸರನ್ನು ಕಳೆದುಕೊಂಡುವು. ಸಿಂಹನಗದ್ದೆಯ ಜ್ವಾಲಾಮಾಲಿನಿಯ ದರ್ಶನ ಮುಗಿಸಿ ಊರಿಗೆ ಹಿಂತಿರುಗುವಾಗ ನನ್ನ ಮನಸ್ಸಿನಲ್ಲಿ ನಿಂತದ್ದು ಈ ವಿಚಾರವೇ. ನೀರಿನಡಿಯ ಹಳ್ಳಿಯ ಹೆಸರು ಕಂದಾಯದ ಕಡತದಲ್ಲಾದರೂ ಉಳಿದಿದೆ. ಅಲ್ಲಿಂದ ಹೊರಟ ವರಹಕ್ಕೆ ಯಾವ ಕಡತವೂ ಇಲ್ಲ.

ಪೇಟೆಯ ಬೀದಿಯಲ್ಲಿ ಒಬ್ಬ ವೃದ್ಧ ಅಕ್ಕಸಾಲಿಗರ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕುಳಿತೆ. ಅವರು ತಮ್ಮ ತಂದೆಯ ಕಾಲದಿಂದ ಬಂದ ಒರೆಗಲ್ಲನ್ನು ತೋರಿಸಿ, ಹಳೆಯ ನಾಣ್ಯಗಳ ವಿಷಯವನ್ನು ತಾವಾಗಿಯೇ ಎತ್ತಿದರು. "ನಮ್ಮ ಅಪ್ಪಯ್ಯನ ಕಾಲದಲ್ಲಿ ಮದುವೆ ಬಂತು ಅಂದ್ರೆ ವರಹ ತರ್ತಿದ್ರು ಸ್ವಾಮಿ, ಕರಗಿಸಿ ಸರ ಮಾಡಿಕೊಡಿ ಅಂತ. ಒಳ್ಳೇ ಚಿನ್ನ; ಮೂಸೆಗೆ ಹಾಕಿದ್ರೆ ಹೆಚ್ಚು ಕಳೀತಿರಲಿಲ್ಲ" ಎಂದರು. ಕಿವಿ ಬೆಸೆದು ಕಾಸಿನ ಸರಕ್ಕೆ ಪೋಣಿಸಿದ ನಾಣ್ಯವನ್ನು ಗುರುತಿಸುವ ಬಗೆಯನ್ನೂ ತೋರಿಸಿದರು: ಅಂಚಿನ ಒಂದು ಕಡೆ ಬೆಸುಗೆಯ ಚಿನ್ನದ ಬಣ್ಣ ತುಸು ಕೆಂಪಾಗಿಯೋ ಬಿಳುಪಾಗಿಯೋ ಉಳಿದಿರುತ್ತದೆ, ಎಷ್ಟು ಅರೆದರೂ ಬೆರಳಿಗೆ ಆ ತಗ್ಗು ಸಿಕ್ಕುತ್ತದೆ. ಹರಾಜಿನ ಪಟ್ಟಿಯಲ್ಲಿ ಈ ಗುರುತನ್ನು ದೋಷವೆಂದು ಬರೆದು ಬೆಲೆಯನ್ನು ಇಳಿಸುತ್ತಾರೆ. ಒಬ್ಬಾಕೆಯ ಕೊರಳಿನಲ್ಲಿ ಬಹುಕಾಲ ಬಾಳಿದ ಗುರುತು ನಾಣ್ಯದ ಚರಿತ್ರೆಗೆ ಸೇರಿದ್ದೇ ಹೊರತು ಅದಕ್ಕೆ ಕಳಂಕವಲ್ಲವೆಂದು ನನ್ನ ಅಭಿಪ್ರಾಯ. ಆದರೆ ಅದಕ್ಕಿಂತ ಗಹನವಾಗಿ ನನ್ನನ್ನು ತಟ್ಟಿದ್ದು ಮೂಸೆಯ ಮಾತು. ಹೇರಳವಾಗಿ ಸಿಕ್ಕುವ ನಾಣ್ಯವೇ ಎಲ್ಲಕ್ಕಿಂತ ಮುಂಚೆ ಕರಗುತ್ತದೆ. ಚಿನ್ನದ ಧಾರಣೆ ಏರಿದಾಗಲೆಲ್ಲ, ಅಪೂರ್ವ ನಾಣ್ಯವನ್ನು ಅದರ ಅಪೂರ್ವತೆ ಕಾಯುತ್ತದೆ. ಇಕ್ಕೇರಿಯ ವರಹವನ್ನು ಕಾಯುವವರಿಲ್ಲ.

ಕೊಪ್ಪದ ಹಾದಿ ಏರುತ್ತಾ ಇಳಿಯುತ್ತಾ ತೋಟಗಳ ನಡುವೆ ಸಾಗುತ್ತದೆ. ಕುವೆಂಪು ಅವರು 1904ರಲ್ಲಿ ಜನಿಸಿದ ಹಿರೇಕೊಡಿಗೆ ಈ ತಾಲ್ಲೂಕಿನದು. ಅಡಿಕೆ, ಕಾಳುಮೆಣಸು, ಏಲಕ್ಕಿ, ಕಾಫಿ ಇವುಗಳಲ್ಲಿ ಕಾಫಿಯನ್ನು ಬಿಟ್ಟರೆ ಉಳಿದುವೆಲ್ಲ ಕೆಳದಿಯ ಅರಸರ ಕಾಲಕ್ಕೂ ಇಲ್ಲಿನ ಸಂಪತ್ತೇ ಆಗಿದ್ದುವು. ಕೆಳದಿಯಿಂದ ಇಕ್ಕೇರಿಗೂ ಇಕ್ಕೇರಿಯಿಂದ ಬಿದನೂರಿಗೂ ರಾಜಧಾನಿಯನ್ನು ಸಾಗಿಸಿಕೊಂಡ ಆ ನಾಯಕರ ರಾಜ್ಯಕ್ಕೆ, ಘಟ್ಟದ ಮೇಲಿನ ಮೆಣಸನ್ನು ಕರಾವಳಿಯ ಬಂದರುಗಳಿಗೆ ಇಳಿಸುವ ವ್ಯಾಪಾರವೇ ಜೀವನಾಡಿ. ಪೋರ್ಚುಗೀಸರು ಆ ಮೆಣಸಿಗಾಗಿ ಅವರೊಡನೆ ಕಾದಾಡಿದರು, ಒಪ್ಪಂದವನ್ನೂ ಮಾಡಿಕೊಂಡರು. ವೆಂಕಟಪ್ಪನಾಯಕನ ಆಳ್ವಿಕೆಯಲ್ಲಿ, 1623ರಲ್ಲಿ, ಇಕ್ಕೇರಿಯನ್ನು ಕಂಡ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆ ಅಲ್ಲಿನ ಆಸ್ಥಾನವನ್ನೂ ಬೀದಿಗಳನ್ನೂ ತನ್ನ ಪತ್ರಗಳಲ್ಲಿ ವರ್ಣಿಸಿದ್ದಾನೆ. ಸಮುದ್ರದಾಚೆಯಿಂದ ಬಂದ ವರ್ತಕನೂ ಘಟ್ಟದ ಮೇಲಿನ ಹೇರಿನವನೂ ತಕ್ಕಡಿಯ ಎರಡು ಬದಿಗೆ ನಿಂತು ಸಂದೇಹವಿಲ್ಲದೆ ಸ್ವೀಕರಿಸಬೇಕಾದ ನಾಣ್ಯವು ತೂಕದಲ್ಲಿ ಏಕರೂಪವಾಗಿಯೂ ಚಿನ್ನದಲ್ಲಿ ಶುದ್ಧವಾಗಿಯೂ ಇರಬೇಕಾಗಿತ್ತು. ಆ ನಂಬಿಕೆಯನ್ನು ಸಂಪಾದಿಸಿದುದರಿಂದಲೇ ಅದು ಹೇರಳವಾಗಿ ಟಂಕಿತವಾಯಿತು.

ಆ ನಂಬಿಕೆಯ ಬಲಕ್ಕೆ ಸಾಕ್ಷಿ ಬೇಕಾದರೆ ಮುಂದಿನ ಚರಿತ್ರೆಯನ್ನು ನೋಡಬೇಕು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು, ರಾಣಿ ವೀರಮ್ಮಾಜಿಯನ್ನು ಸೆರೆಹಿಡಿದು, ಪಟ್ಟಣಕ್ಕೆ ಹೈದರ್‌ನಗರವೆಂದು ಹೆಸರಿಟ್ಟ ಮೇಲೆ, ಅಲ್ಲಿ ಹೊರಡಿಸಿದ ವರಹದ ಮುಮ್ಮುಖದಲ್ಲಿ ಅದೇ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡನು. ಹಿಮ್ಮುಖದಲ್ಲಿ ಮಾತ್ರ, ಚುಕ್ಕಿಗಳ ಹಾಸಿನ ಮೇಲೆ, ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಇರಿಸಿದನು. ಬಹಾದ್ದೂರಿ ವರಹವೆಂದು ಹೆಸರಾದ ಆ ನಾಣ್ಯದಲ್ಲಿಯೇ, 1799ರ ಅನಂತರ ಕೆನರಾದ ಕಂದಾಯದ ಲೆಕ್ಕವನ್ನು ಇಂಗ್ಲಿಷರೂ ಬರೆದರು. 1801ರಲ್ಲಿ ಕಂಪನಿ ಸರ್ಕಾರದ ಪರವಾಗಿ ಈ ಪ್ರಾಂತವನ್ನು ಸುತ್ತಿದ ಬುಕನನ್ ಮೆಣಸು ಅಡಿಕೆಗಳ ಬೆಲೆಯನ್ನು ಇಕ್ಕೇರಿ ವರಹದ ಲೆಕ್ಕದಲ್ಲಿಯೇ ಟಿಪ್ಪಣಿ ಮಾಡಿಕೊಂಡನು. ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿಯೂ ಮುಮ್ಮುಖಕ್ಕೆ ಶಿವಪಾರ್ವತಿಯರೇ. ಹಿಮ್ಮುಖಕ್ಕೆ ನಾಗರಲಿಪಿಯ 'ಶ್ರೀ ಕೃಷ್ಣರಾಜ'. ಶೈವ ನಾಯಕರು, ಮುಸಲ್ಮಾನ ನವಾಬ, ಮೈಸೂರಿನ ಒಡೆಯರು, ಹೀಗೆ ಸಿಂಹಾಸನದ ಮೇಲೆ ಕುಳಿತವರು ಬದಲಾದರೂ, ಟೀಪುವಿನ ಕಾಲವನ್ನು ಬಿಟ್ಟರೆ, ನಾಣ್ಯದ ಮೇಲೆ ಕುಳಿತ ದಂಪತಿಗಳು ಬದಲಾಗಲಿಲ್ಲ. ಕೊಡುವ ಕೊಳ್ಳುವ ಜನ ಆ ಮುದ್ರೆಯನ್ನು ಬಿಡಲೊಲ್ಲದಿದ್ದುದೇ ಇದಕ್ಕೆ ಕಾರಣವೆಂದು ನಾನು ತಿಳಿದಿದ್ದೇನೆ. ರಾಜ್ಯ ಕೈಬದಲಾದಾಗಲೂ ಸಂತೆ ನಿಲ್ಲಬಾರದು; ಸಂತೆಯ ನಾಣ್ಯ ಅಪರಿಚಿತವಾಗಬಾರದು. ಅಲ್ಪಕಾಲ ಆಳಿ ಅಳಿದ ಅರಸನ ನಾಣ್ಯ ಇಂದು ಅಪೂರ್ವವಾಗುತ್ತದೆ, ಅದರ ಬೆಲೆ ಆಕಾಶಕ್ಕೇರುತ್ತದೆ. ತಲೆಮಾರುಗಳ ನಂಬಿಕೆಯನ್ನು ಹೊತ್ತ ನಾಣ್ಯ ಸಾಧಾರಣವೆನಿಸುತ್ತದೆ. ಮಾರುಕಟ್ಟೆಯ ನ್ಯಾಯ ಮಾರುಕಟ್ಟೆಗೆ ಇರಲಿ. ಚರಿತ್ರೆಯನ್ನು ಪ್ರೀತಿಸುವವನು ಅದನ್ನು ತನ್ನ ನ್ಯಾಯವಾಗಿ ಮಾಡಿಕೊಳ್ಳಬೇಕಾಗಿಲ್ಲ.

ಕೊಪ್ಪದ ಮಂಡಿಯಲ್ಲಿ ಅಡಿಕೆಯ ಚೀಲಗಳ ಮುಂದೆ ಮಾದರಿಗಳನ್ನು ಹರವಿದ್ದರು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿದ ಆ ರಾಶಿಗಳ ನಡುವೆ ವ್ಯಾಪಾರಿಯು ಒಂದು ಹಿಡಿಯನ್ನೆತ್ತಿ, ಬಣ್ಣ ನೋಡಿ, ಒಂದನ್ನು ಹೋಳು ಮಾಡಿ ಒಳಗನ್ನು ಪರೀಕ್ಷಿಸಿ, ಬೆಲೆ ಕಟ್ಟುವ ರೀತಿಯು ನಾಣ್ಯದ ಹರಾಜಿಗೆ ಮುಂಚಿನ ವೀಕ್ಷಣೆಯ ದಿನದಂತೆಯೇ ಇತ್ತು. ಅಲ್ಲಿಯೂ ಭೂತಗನ್ನಡಿಯ ಕೆಳಗೆ ಅಂಚನ್ನು ತಿರುಗಿಸಿ ಎರಕದ ಗೆರೆಯಿದೆಯೇ ಎಂದು ನೋಡುತ್ತಾರೆ, ಏಕೆಂದರೆ ಅಚ್ಚೊತ್ತಿದ ನಾಣ್ಯಕ್ಕೆ ಆ ಗೆರೆ ಇರದು, ಎರಕ ಹೊಯ್ದ ನಕಲಿಗೆ ಇರಬಹುದು; ತೂಗಿ ನೋಡುತ್ತಾರೆ; ಸವೆತವನ್ನು ಅಳೆದು ದರ್ಜೆ ಹೇಳುತ್ತಾರೆ. ಒಂದು ಭೇದವನ್ನು ಮಾತ್ರ ಹೇಳಬೇಕು. ಮಂಡಿಯಲ್ಲಿ ಪ್ರತಿಯೊಂದು ಚೀಲದ ಮೇಲೂ ಬೆಳೆಗಾರನ ಗುರುತಿರುತ್ತದೆ, ಯಾವ ಗ್ರಾಮದ ಯಾವ ತೋಟದ್ದೆಂದು ಕೇಳಿದರೆ ಉತ್ತರವಿರುತ್ತದೆ; ನಾಣ್ಯದ ಲಾಟಿಗೆ ಸಂಖ್ಯೆಯಿರುತ್ತದೆ, ಊರಿರುವುದಿಲ್ಲ. ಯುರೋಪಿನ ಹರಾಜುಗಳಲ್ಲಿ, ಹಿಂದೆ ಯಾರ ಸಂಗ್ರಹದಲ್ಲಿತ್ತು, ಯಾವ ವರ್ಷ ಎಲ್ಲಿ ಮಾರಾಟವಾಯಿತು ಎಂಬ ಪೂರ್ವಸ್ವಾಮ್ಯದ ವಿವರ ಕೊಟ್ಟ ನಾಣ್ಯಕ್ಕೆ ಅದರಿಂದಲೇ ಬೆಲೆ ಹೆಚ್ಚುತ್ತದೆ. ನಮ್ಮಲ್ಲಿ ಧಾರವಾಡದ ಸೀಮೆಯಲ್ಲಿ ಅಧಿಕಾರಿಯಾಗಿದ್ದು ಶಾಸನಗಳನ್ನೂ ನಾಣ್ಯಗಳನ್ನೂ ಕೂಡಿಹಾಕಿದ ವಾಲ್ಟರ್ ಎಲಿಯಟ್ಟನು 1886ರಲ್ಲಿ ದಕ್ಷಿಣ ಭಾರತದ ನಾಣ್ಯಗಳ ಗ್ರಂಥವನ್ನು ಪ್ರಕಟಿಸಿದ ಕಾಲದಿಂದಲೂ, ಅನಂತರ ಎ.ವಿ. ನರಸಿಂಹಮೂರ್ತಿಗಳಂಥ ವಿದ್ವಾಂಸರು ಕರ್ನಾಟಕದ ನಾಣ್ಯಗಳನ್ನು ಕ್ರಮಬದ್ಧವಾಗಿ ಅಭ್ಯಸಿಸಿದ ಮೇಲೂ, ಮನೆಮನೆಯ ನಾಣ್ಯದ ವೃತ್ತಾಂತವನ್ನು ಬರೆದಿಡುವ ಅಭ್ಯಾಸ ಬೆಳೆಯಲಿಲ್ಲ.

ಪರಿಚಯದವರೊಬ್ಬರ ಮೂಲಕ, ಕೊಪ್ಪದಿಂದ ಕೆಲವು ಮೈಲಿ ಒಳಗೆ ತೋಟದ ನಡುವಿನ ಒಂದು ಮನೆಗೆ ಹೋಗುವ ಅವಕಾಶ ಒದಗಿತು. ಅಂಗಳದಲ್ಲಿ ಅಡಿಕೆಯ ಚಪ್ಪರ. ಜಗುಲಿಯಲ್ಲಿ ಕುಳಿತಿದ್ದ ಅಜ್ಜಿ "ಬನ್ನಿ, ಕೂತ್ಕೊಳ್ಳಿ, ಮೊದಲು ಆಸರಿಗೆ ಎಂತಾದ್ರೂ ತಗೊಳ್ಳಿ" ಎಂದು ಬೆಲ್ಲ ನೀರು ಕೊಟ್ಟು, ಆಮೇಲೆ ಮಗನ ಕಡೆ ನೋಡಿದರು. ಮಗ ದೇವರ ಮನೆಯಿಂದ ಕೈಯಗಲದ ಹಿತ್ತಾಳೆಯ ಪೆಟ್ಟಿಗೆಯನ್ನು ತಂದಿರಿಸಿದರು. ಕುಂಕುಮ ಹತ್ತಿದ ಕೆಂಪು ಬಟ್ಟೆಯೊಳಗೆ ಇಕ್ಕೇರಿಯ ವರಹಗಳು ಕೆಲವು, ಒಂದು ಬಹಾದ್ದೂರಿ, ತೊಗರಿಬೇಳೆಗಿಂತ ಚಿಕ್ಕದಾದ ಕಂಠೀರಾಯ ಹಣ, ಮುಮ್ಮಡಿಯವರ ಕಾಲದ, ಕನ್ನಡದಲ್ಲಿ ಬರೆದ ತಾಮ್ರದ ಕಾಸು. ವರಹಗಳ ಉಬ್ಬಿನಲ್ಲಿ ಹೊನ್ನು ಹೊಳೆಯುತ್ತಿತ್ತು. ತಗ್ಗುಗಳಲ್ಲಿ, ಶಿವನ ಮಂಡಿಯ ಸುತ್ತಲೂ ದೇವಿಯ ಕೊರಳ ಕೆಳಗೂ, ತಲೆಮಾರುಗಳ ಲಕ್ಷ್ಮೀಪೂಜೆಯ ಅರಿಸಿನ ಕುಂಕುಮ ಗಟ್ಟಿಯಾಗಿ ಕೂತಿತ್ತು. ಅದನ್ನು ತೊಳೆಯಬೇಡಿರೆಂದು ನಾನು ಕೇಳಿಕೊಂಡೆ. ತೊಳೆದು ಉಜ್ಜಿದ ನಾಣ್ಯ ಹರಾಜಿನಲ್ಲಿಯೂ ಬೆಲೆ ಕಳೆದುಕೊಳ್ಳುತ್ತದೆ.

ಮಗನಿಗೆ ಮಕ್ಕಳ ಓದಿನ ಖರ್ಚಿತ್ತು. ಎರಡು ಮಳೆಗಾಲದ ಕೊಳೆರೋಗ ತೋಟವನ್ನು ಸೊರಗಿಸಿತ್ತು. "ಹರಾಜಿಗೆ ಹಾಕಿದ್ರೆ ಎಷ್ಟು ಬರಬಹುದು ಸಾರ್? ಕಾನೂನಿನ ತೊಂದರೆ ಎಂತಾದ್ರೂ ಉಂಟಾ?" ಎಂದು ಅವರು ಕೇಳಿದರು. ನೆಲ ಅಗೆಯುವಾಗ ಸಿಕ್ಕಿದ ನಿಧಿಯಾದರೆ 1878ರ ಶಾಸನದ ಕಾಲದಿಂದಲೂ ಸರ್ಕಾರಕ್ಕೆ ತಿಳಿಸಲೇಬೇಕು. ಮನೆತನದಿಂದ ಬಂದುದನ್ನು ದೇಶದೊಳಗೆ ಮಾರಬಹುದು. ಆದರೆ ನೂರು ವರ್ಷ ಮೀರಿದ್ದೆಲ್ಲ 1972ರ ಕಾಯಿದೆಯಂತೆ ಪುರಾವಸ್ತುವಾದ್ದರಿಂದ ಹೊರದೇಶಕ್ಕೆ ಕಳುಹಿಸುವಂತಿಲ್ಲ ಎಂದು ತಿಳಿದಷ್ಟನ್ನು ಹೇಳಿದೆ. ಬೆಂಗಳೂರಿನ ಹರಾಜಿನಲ್ಲಿ ಕೂಗಿ ನಿಂತ ಬೆಲೆಯೆಲ್ಲ ಮಾರುವವನ ಕೈಗೆ ಬರುವುದಿಲ್ಲ, ನಡೆಸುವವರ ದಲ್ಲಾಳಿ ಕಳೆಯಬೇಕು. ಕೊಳ್ಳುವವನೂ ಕೂಗಿದ ಬೆಲೆಯ ಮೇಲೆ ಇನ್ನಷ್ಟು ತೆರಬೇಕು ಎಂಬುದನ್ನೂ ಬಿಡಿಸಿ ಹೇಳಿದೆ. ಅಜ್ಜಿ ಎಲ್ಲವನ್ನೂ ಕೇಳುತ್ತಿದ್ದು, "ಲಕ್ಷ್ಮಿಯನ್ನ ಮಾರೋದು ನಂಗೆ ಸಮ ಕಾಣೂದಿಲ್ಲ ಮಾರಾಯ್ರೆ. ಆದ್ರೆ ಕರಗಿಸೋದಕ್ಕಿಂತ ತಗೊಂಡವ್ರು ಜೋಪಾನ ಮಾಡ್ತಾರೆ ಅಂದ್ರೆ ಅದೇ ವಾಸಿ" ಎಂದರು. ಆ ಮಾತಿನಲ್ಲಿ ಹರಾಜು ಎಂಬ ಸಂಸ್ಥೆಯ ಪರವಾಗಿ ಹೇಳಬಹುದಾದ ಅತ್ಯಂತ ಸಾರವತ್ತಾದ ವಾದವೇ ಅಡಗಿತ್ತು. ಸಂಗ್ರಾಹಕನ ಆಸೆ ಎಷ್ಟೇ ಲೌಕಿಕವಾಗಿರಲಿ, ಮೂಸೆಗೂ ನಾಣ್ಯಕ್ಕೂ ನಡುವೆ ನಿಲ್ಲುವುದು ಅನೇಕ ವೇಳೆ ಆ ಆಸೆಯೊಂದೇ. ಹೊರಡುವ ಮುನ್ನ ನಾನು ಒಂದೇ ಒಂದು ಬೇಡಿಕೆಯನ್ನು ಮುಂದಿಟ್ಟೆ: ಪೆಟ್ಟಿಗೆಯ ವಿಷಯವಾಗಿ ಅಜ್ಜಿಗೆ ನೆನಪಿರುವುದನ್ನೆಲ್ಲ, ಅವರ ಮಾತಿನಲ್ಲಿಯೇ, ಒಂದು ಕಾಗದದಲ್ಲಿ ಬರೆದುಕೊಳ್ಳಬೇಕೆಂದು.

ಹರಿಹರಪುರವನ್ನು ದಾಟಿ ತುಂಗೆಯ ಜೊತೆಜೊತೆಯಾಗಿ ಹೋದರೆ ಶೃಂಗೇರಿ. ನಾಣ್ಯಪ್ರಿಯನಿಗೆ ಈ ಕ್ಷೇತ್ರವು ಇಮ್ಮಡಿ ತೀರ್ಥ. 1346ರಲ್ಲಿ ವಿಜಯನಗರದ ಹರಿಹರನು ತನ್ನ ತಮ್ಮಂದಿರೊಡನೆ ಇಲ್ಲಿಗೆ ಬಂದು, ಭಾರತೀತೀರ್ಥರಿಗೂ ಅವರ ಪರಿವಾರಕ್ಕೂ ಭೂದಾನ ಮಾಡಿದುದನ್ನು ಇಲ್ಲಿಯ ಶಾಸನ ಹೇಳುತ್ತದೆ. ವಿದ್ಯಾರಣ್ಯರು ಹೊನ್ನಿನ ಮಳೆಯನ್ನು ಕರೆಸಿದರೆಂಬ ಐತಿಹ್ಯವನ್ನು ನಮ್ಮಲ್ಲಿ ಕೇಳದವರಿಲ್ಲ. ಆ ಐತಿಹ್ಯದ ಬದಿಗೆ ನಿಲ್ಲುವ ಪ್ರತ್ಯಕ್ಷವಾದ ಹೊನ್ನೆಂದರೆ ಹರಿಹರನ ವಂಶದವರು ಟಂಕಿಸಿದ ವರಹ ಮತ್ತು ಅರೆವರಹಗಳು. ಎರಡನೆಯ ಹರಿಹರನ ನಾಣ್ಯಗಳಲ್ಲಿಯೇ ಉಮಾಮಹೇಶ್ವರರು ಜೊತೆಯಾಗಿ ಕುಳಿತಿದ್ದಾರೆ. ಹಂಪೆ ಅಳಿದ ಮೇಲೆ ಇಕ್ಕೇರಿಯ ಅಚ್ಚುಕಾರನು ಕೊರೆದದ್ದು ಆ ದಂಪತಿಗಳನ್ನೇ. ವಿದ್ಯಾಶಂಕರ ದೇವಾಲಯದೊಳಗೆ, ಹನ್ನೆರಡು ರಾಶಿಗಳ ಗುರುತುಳ್ಳ ಹನ್ನೆರಡು ಕಂಬಗಳ ನಡುವೆ ನಿಂತು ಕಣ್ಣು ಒಳಗಿನ ಕತ್ತಲಿಗೆ ಹೊಂದಿಕೊಳ್ಳುವವರೆಗೆ ಕಾದಿದ್ದಾಗ, ಈ ಕಲ್ಲನ್ನು ಇಷ್ಟು ಎತ್ತರಕ್ಕೆ ಏರಿಸಿದ ಕೂಲಿಯವರ ಕೈಗೆ ಯಾವ ನಾಣ್ಯ ಬಿದ್ದಿತೆಂದು ಯೋಚಿಸಿದೆ. ವರಹವಂತೂ ಅಲ್ಲ, ಬಹುಶಃ ಧಾನ್ಯ, ಅಥವಾ ತಾಮ್ರದ ಕಾಸು. ಅವುಗಳನ್ನು ಹರಾಜಿನಲ್ಲಿ ಹಿಡಿಗಟ್ಟಲೆ ಒಂದೇ ಲಾಟಾಗಿ ಮಾರಿಬಿಡುತ್ತಾರೆ.

ಎರಡನೆಯ ತೀರ್ಥವು 1791ರದು. ಆ ವರ್ಷ ಪರಶುರಾಮ ಭಾವೂವಿನ ದಂಡಿಗೆ ಸೇರಿದ ಪಿಂಡಾರಿಗಳು ಮಠವನ್ನು ಲೂಟಿ ಮಾಡಿ ಶಾರದೆಯ ಮೂರ್ತಿಗೆ ಅಪಚಾರವೆಸಗಿದಾಗ, ಸ್ವಾಮಿಗಳಾಗಿದ್ದ ಸಚ್ಚಿದಾನಂದ ಭಾರತಿಗಳು ಟೀಪುವಿಗೆ ಬರೆದರು. ಅವನು ಪುನಃಪ್ರತಿಷ್ಠೆಗಾಗಿ 200 ರಾಹತಿಗಳನ್ನು ನಗದಾಗಿಯೂ 200 ರಾಹತಿಗಳ ಬೆಲೆಯ ಧಾನ್ಯವನ್ನೂ ಕೊಡಿಸಿದನು. ಕನ್ನಡದಲ್ಲಿ ಬರೆದ ಆ ಪತ್ರಗಳನ್ನು 1916ರಲ್ಲಿ ಮಠದಲ್ಲಿ ಕಂಡು ಬೆಳಕಿಗೆ ತಂದವರು ಮೈಸೂರು ಪುರಾತತ್ತ್ವ ಇಲಾಖೆಯ ರಾವ್ ಬಹದ್ದೂರ್ ಆರ್. ನರಸಿಂಹಾಚಾರ್ಯರು. ರಾಹತಿಯೆಂಬುದು ಟೀಪು ತನ್ನ ಒಂದು ಹೊನ್ನಿನ ನಾಣ್ಯಕ್ಕಿಟ್ಟ ಹೆಸರು. ತಂದೆ ಹೈದರಾಲಿ ಉಳಿಸಿಕೊಂಡಿದ್ದ ಶಿವಪಾರ್ವತಿಯರನ್ನು ಮಗ ತನ್ನ ನಾಣ್ಯಗಳಿಂದ ತೆಗೆದನು. ಪ್ರವಾದಿಯ ಜನನದಿಂದ ಎಣಿಸುವ ಹೊಸ ಶಕೆಯನ್ನು ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಆ ನಾಣ್ಯಗಳೇ ಎಣಿಕೆಯಾಗಿ ಶಾರದೆಯ ಪ್ರತಿಷ್ಠೆಗೆ ಸಂದುವು. 1921ರಲ್ಲಿ ಮದರಾಸಿನಲ್ಲಿ ಅಚ್ಚಾದ ಹೆಂಡರ್‌ಸನ್ನನ ಗ್ರಂಥ ಟೀಪುವಿನ ಒಂದೊಂದು ನಾಣ್ಯದ ತೂಕ, ಟಂಕಸಾಲೆ, ವರ್ಷಗಳನ್ನು ನಿಷ್ಠೆಯಿಂದ ದಾಖಲಿಸುತ್ತದೆ. ಹರಾಜಿನವರೆಲ್ಲ ಈಗಲೂ ಆ ಪುಸ್ತಕದ ಸಂಖ್ಯೆಯನ್ನು ಉದ್ಧರಿಸುತ್ತಾರೆ. ನಾಣ್ಯದ ಮೇಲಿನ ಅಕ್ಷರವನ್ನಷ್ಟೇ ಓದಿದರೆ ಟೀಪುವಿನ ಒಂದು ಮುಖ ಕಾಣುತ್ತದೆ. ಅದು ಎಲ್ಲಿಗೆ ಸಂದಿತೆಂಬ ಕಾಗದವನ್ನೂ ಓದಿದರೆ ಇನ್ನೊಂದು ಮುಖ ಕಾಣುತ್ತದೆ. ಮಠವು ಕಾಗದವನ್ನು ಕಾಪಾಡದೆ ಇದ್ದಿದ್ದರೆ ಈ ಎರಡನೆಯದು ನಮಗೆ ಉಳಿಯುತ್ತಲೇ ಇರಲಿಲ್ಲ.

ಸಂಜೆ ತುಂಗೆಯ ಮೆಟ್ಟಿಲುಗಳ ಮೇಲೆ ಯಾತ್ರಿಕರು ಮೀನುಗಳಿಗೆ ಮಂಡಕ್ಕಿ ಎರಚುತ್ತಿದ್ದರು. ಅಲ್ಲಿಂದ ಆಗುಂಬೆಯ ಕಡೆಗೆ ಹೊರಡುವ ಬಸ್ಸಿಗೆ ಹೊತ್ತಿದ್ದುದರಿಂದ ಕೊಪ್ಪದ ಮನೆಗೆ ದೂರವಾಣಿ ಮಾಡಿದೆ. ಮಗ ಆಗಲೇ ಬರೆಯಲು ಆರಂಭಿಸಿದ್ದರು.

ಆ ಕಾಗದದ ಪ್ರತಿ ನನಗೆ ಅಂಚೆಯಲ್ಲಿ ಬಂದಿತು. ನೋಟುಪುಸ್ತಕದಿಂದ ಹರಿದ ಎರಡು ಹಾಳೆ. ವರಹಗಳು ಅಜ್ಜಿಯ ಅತ್ತೆಯವರೊಡನೆ, ಮದುವೆಯಲ್ಲಿ, ತುಂಗೆಯ ಆಚೆದಡದ ಒಂದು ಮನೆಯಿಂದ ಬಂದುವೆಂದೂ, ಆ ಮನೆಯವರು ಎತ್ತಿನ ಮೇಲೆ ಮೆಣಸು ಹೇರಿಕೊಂಡು ಘಟ್ಟದ ಕೆಳಗೆ ಇಳಿಯುತ್ತಿದ್ದರೆಂದೂ, ಬಹಾದ್ದೂರಿಯನ್ನು ಮಾತ್ರ ಯಾರೋ ಸಾಲದ ಬದಲು ಕೊಟ್ಟು ಬಿಡಿಸಿಕೊಳ್ಳಲು ಬಾರದೆ ಹೋದರೆಂದೂ, ಒಂದು ಕಾಲದಲ್ಲಿ ಇನ್ನೂ ಇದ್ದುವು, ಅಜ್ಜಿಯ ನಾದಿನಿಯ ಬಳೆಗೆ ಕರಗಿದುವೆಂದೂ ಅದರಲ್ಲಿತ್ತು. ಕೆಳಗೆ ಮಗ ತಮ್ಮ ನಿರ್ಧಾರವನ್ನು ಬರೆದಿದ್ದರು: ಎರಡು ವರಹಗಳೂ ಕಂಠೀರಾಯ ಹಣವೂ ದೇವರ ಪೆಟ್ಟಿಗೆಯಲ್ಲಿಯೇ ಇರುತ್ತವೆ, ಉಳಿದುದನ್ನು ಹರಾಜಿಗೆ ಕಳುಹಿಸುತ್ತಾರೆ, ಆದರೆ ಅಜ್ಜಿಯ ಕಾಗದದೊಡನೆ. ಹರಾಜು ನಡೆಸುವವರಿಗೆ ನಾನೂ ಪತ್ರ ಬರೆದು, ಮನೆಯವರ ಹೆಸರನ್ನು ಬಿಟ್ಟು, ತಾಲ್ಲೂಕಿನ ಹೆಸರನ್ನೂ ಈ ನಾಲ್ಕು ಸಂಗತಿಗಳನ್ನೂ ಲಾಟಿನ ಕೆಳಗೆ ಅಚ್ಚು ಹಾಕಬೇಕೆಂದೂ, ಕಾಸಿನ ಸರದಿಂದ ಬಂದ ನಾಣ್ಯಗಳ ಬೆಸುಗೆಯ ಗುರುತನ್ನು ದೋಷಗಳ ಸಾಲಿನಿಂದ ತೆಗೆದು ವಿವರಣೆಯ ಸಾಲಿಗೆ ಸೇರಿಸಬೇಕೆಂದೂ ಕೇಳಿಕೊಂಡೆ. ಮೊದಲನೆಯದಕ್ಕೆ ಅವರು ಸಂತೋಷದಿಂದ ಒಪ್ಪಿದರು. ಎರಡನೆಯದರ ವಿಷಯವಾಗಿ ನಮ್ಮ ಪತ್ರವ್ಯವಹಾರ ಇನ್ನೂ ನಡೆಯುತ್ತಿದೆ.